ಲಕ್ಕುಂಡಿಯ ಬಾವಿ, ಗುಡಿ, ಶಾಸನಗಳ ವೆಬ್ ನಕ್ಷೆಗೆ ಯಾವ ಜಾವಾಸ್ಕ್ರಿಪ್ಟ್ ಲೈಬ್ರರಿ ಸೂಕ್ತ?

ಬೆಟಗೇರಿ:

ನಮಸ್ಕಾರ. ಗದಗ ತಾಲೂಕಿನ ಹಳೆಯ ಬಾವಿ, ಗುಡಿ ಮತ್ತು ಶಾಸನಗಳನ್ನು ವೆಬ್ ನಕ್ಷೆಯೊಂದರ ಮೇಲೆ ಗುರುತಿಸುವ ಓಪನ್ ಸೋರ್ಸ್ ಕೆಲಸವನ್ನು ನಾವು ಕೆಲವರು ಸೇರಿ ಕೈಗೆತ್ತಿಕೊಂಡಿದ್ದೇವೆ. ಮೊದಲಿಗೆ ಲಕ್ಕುಂಡಿಯನ್ನು ಆರಿಸಿಕೊಂಡಿದ್ದೇವೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿವಿಶ್ವೇಶ್ವರ ದೇವಸ್ಥಾನ, ಮಾಣಿಕೇಶ್ವರ ಗುಡಿಯ ಬಳಿಯ ಮುಸುಕಿನ ಬಾವಿ ಮುಂತಾದ ಹೆಸರಾಂತ ಸ್ಥಳಗಳು ಯಾವ ನಕ್ಷೆಯಲ್ಲಿ ಹುಡುಕಿದರೂ ಸಿಗುತ್ತವೆ. ಆದರೆ ಮನೆಗಳ ಹಿತ್ತಲಿನಲ್ಲಿ, ಓಣಿಯ ತಿರುವಿನಲ್ಲಿ, ಹೊಲದ ಬದುವಿನಲ್ಲಿ ಉಳಿದುಕೊಂಡಿರುವ, ಊರಿನವರು ಮಾತ್ರ ಹೆಸರಿಟ್ಟು ಕರೆಯುವ ಬಾವಿಗಳೂ ಒಡೆದ ಶಾಸನದ ಕಲ್ಲುಗಳೂ ಸಿಗುವುದಿಲ್ಲ. ಅವುಗಳ ಮಾಹಿತಿಯನ್ನು ಜಿಯೋಜೇಸನ್ (ಸ್ಥಳಗಳ ಮಾಹಿತಿಯನ್ನು ಪಠ್ಯವಾಗಿ ಬರೆದಿಡುವ ರೂಪ) ಫೈಲಿನಲ್ಲಿ ಕೂಡಿಸುತ್ತಿದ್ದೇವೆ; ಕೋಡ್ ಮತ್ತು ಮಾಹಿತಿ ಎರಡೂ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿರುತ್ತವೆ.

ತೊಡಕಾಗಿರುವುದು ನಕ್ಷೆಯನ್ನು ತೋರಿಸುವ ಲೈಬ್ರರಿಯ, ಅಂದರೆ ಸಿದ್ಧ ಕೋಡಿನ ಸಂಗ್ರಹದ, ಆಯ್ಕೆಯಲ್ಲಿ. ಗೂಗಲ್ ಮ್ಯಾಪ್ಸ್‌ನ ಎಪಿಐ ಬಳಸಲು ಬಿಲ್ಲಿಂಗ್ ಖಾತೆ ತೆರೆಯಬೇಕು, ಅದರ ಕೋಡ್ ಕೂಡ ಮುಕ್ತವಲ್ಲ. ಆದ್ದರಿಂದ ಅದನ್ನು ಮೊದಲೇ ಕೈಬಿಟ್ಟೆವು. ಉಳಿದವು ಲೀಫ್‌ಲೆಟ್, ಮ್ಯಾಪ್‌ಲಿಬ್ರೆ ಜಿಎಲ್ ಮತ್ತು ಓಪನ್‌ಲೇಯರ್ಸ್. ತಂಡದ ವಿದ್ಯಾರ್ಥಿಗಳಿಗೆ ವೆಬ್ ಪುಟ ಕಟ್ಟುವ ರಿಯಾಕ್ಟ್ ಲೈಬ್ರರಿ ಗೊತ್ತಿರುವುದರಿಂದ ಅವರು ರಿಯಾಕ್ಟ್-ಲೀಫ್‌ಲೆಟ್ ಬಳಸಿ ಒಂದು ಮಾದರಿ ಪುಟವನ್ನು ಮಾಡಿಟ್ಟಿದ್ದಾರೆ. ಮತ್ತೊಬ್ಬ ಸದಸ್ಯರು, ಲೀಫ್‌ಲೆಟ್‌ನ ಕಾಲ ಮುಗಿಯಿತು, ಇನ್ನು ಏನಿದ್ದರೂ ವೆಕ್ಟರ್ ಟೈಲ್‌ಗಳದ್ದೇ (ಟೈಲ್ ಎಂದರೆ ನಕ್ಷೆಯ ಚೌಕ ತುಣುಕು), ಮ್ಯಾಪ್‌ಲಿಬ್ರೆಯಿಂದಲೇ ಶುರುಮಾಡೋಣ ಎಂದು ಪಟ್ಟು ಹಿಡಿದಿದ್ದಾರೆ.

ನಮ್ಮ ಅಗತ್ಯಗಳು ಹೀಗಿವೆ. ಸ್ಥಳಗಳ ಹೆಸರು ನಕ್ಷೆಯ ಮೇಲೆ ಕನ್ನಡದಲ್ಲಿಯೇ ಕಾಣಬೇಕು. ಕಡಿಮೆ ಬೆಲೆಯ, ನಾಲ್ಕೈದು ವರ್ಷ ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ನಕ್ಷೆ ತಡವರಿಸಬಾರದು. ಓಣಿಗಳ ಒಳಗೆ ನೆಟ್‌ವರ್ಕ್ ಕೈಕೊಟ್ಟಾಗಲೂ ಒಮ್ಮೆ ತೆರೆದ ನಕ್ಷೆ ಕೆಲಸ ಮಾಡುತ್ತಿರಬೇಕು. ಸರ್ವರ್‌ಗೆ ಹಣ ಕೊಡುವ ಶಕ್ತಿ ನಮಗಿಲ್ಲ, ಹಾಗಾಗಿ ಗಿಟ್‌ಹಬ್ ಪೇಜಸ್‌ನಂಥ ಉಚಿತ ಜಾಗದಲ್ಲಿಯೇ ಇಡಬೇಕು. ವಿದ್ಯಾರ್ಥಿಗಳು ಕಾಲೇಜು ಮುಗಿಸಿ ಹೋದ ಮೇಲೆ ಬೇರೆಯವರು ಬಂದು ಮುಂದುವರಿಸುವಷ್ಟು ಕೋಡ್ ಸರಳವಾಗಿರಬೇಕು. ಅನುಭವವಿರುವವರು ದಯವಿಟ್ಟು ಸಲಹೆ ನೀಡಿ.

ಉಣಕಲ್:

ಹುಬ್ಬಳ್ಳಿಯಲ್ಲಿ ನಕ್ಷೆಗಳದ್ದೇ ಕೆಲಸ ಮಾಡುವವನಾಗಿ ನನ್ನ ಮತ ಮ್ಯಾಪ್‌ಲಿಬ್ರೆಗೆ. ಅದರ ಹಿನ್ನೆಲೆಯನ್ನು ತಿಳಿದುಕೊಂಡರೆ ಓಪನ್ ಸೋರ್ಸ್ ಯೋಜನೆಗೆ ಅದು ಏಕೆ ಒಪ್ಪುತ್ತದೆ ಎಂಬುದು ಗೊತ್ತಾಗುತ್ತದೆ. ಮ್ಯಾಪ್‌ಬಾಕ್ಸ್ ಕಂಪನಿಯು ತನ್ನ ಜಿಎಲ್ ಲೈಬ್ರರಿಯನ್ನು ಮೊದಲು ಬಿಎಸ್‌ಡಿ ಎಂಬ ಮುಕ್ತ ಲೈಸನ್ಸಿನಡಿ ಕೊಡುತ್ತಿತ್ತು. 2020ರ ಡಿಸೆಂಬರ್‌ನಲ್ಲಿ 2ನೇ ಆವೃತ್ತಿಯನ್ನು ಬಿಡುಗಡೆ ಮಾಡುವಾಗ ಆ ಲೈಸನ್ಸನ್ನು ಬದಲಾಯಿಸಿ, ಕಂಪನಿಯ ಖಾತೆಯಿಲ್ಲದೆ ಬಳಸುವಂತಿಲ್ಲ ಎಂದಿತು. ಆಗ ಸಮುದಾಯದವರು ಕೊನೆಯ ಮುಕ್ತ ಆವೃತ್ತಿಯಾದ 1.13ನ್ನು ಆಧರಿಸಿ ಮ್ಯಾಪ್‌ಲಿಬ್ರೆಯನ್ನು ಕಟ್ಟಿದರು. ಇಂದು ಅದು ಸಕ್ರಿಯವಾಗಿ ಬೆಳೆಯುತ್ತಿದೆ, ಲೈಸನ್ಸ್ ಬಿಎಸ್‌ಡಿಯೇ ಆಗಿದೆ.

ತಾಂತ್ರಿಕವಾಗಿಯೂ ಅದಕ್ಕೆ ಬಲವಿದೆ. ಟೈಲ್‌ಗಳು ಚಿತ್ರಗಳಾಗಿ ಬಾರದೆ ರಸ್ತೆ, ಕೆರೆ, ಕಟ್ಟಡಗಳ ಮಾಹಿತಿಯಾಗಿಯೇ ಬರುವುದರಿಂದ ಜೂಮ್ ಮಾಡುವಾಗ ಗೆರೆಗಳು ಮಸುಕಾಗುವುದಿಲ್ಲ, ಬಣ್ಣಗಳನ್ನು ನಿಮಗೆ ಬೇಕಾದಂತೆ ಬದಲಾಯಿಸಬಹುದು, ನಕ್ಷೆಯನ್ನು ತಿರುಗಿಸಬಹುದು. ಹತ್ತಿರ ಹತ್ತಿರ ಇರುವ ಗುರುತುಗಳನ್ನು ಗುಂಪಾಗಿಸಿ ತೋರಿಸುವ ಸೌಲಭ್ಯ ಅದರೊಳಗೇ ಇದೆ. ಒಂದು ಹೆಸರಿನ ಮೇಲೆ ಇನ್ನೊಂದು ಹೆಸರು ಬೀಳದಂತೆ ಅದು ತಾನೇ ನೋಡಿಕೊಳ್ಳುತ್ತದೆ. ಲಕ್ಕುಂಡಿಯಂತಹ, ಹೆಜ್ಜೆಗೊಂದು ಸ್ಮಾರಕವಿರುವ ಊರಿಗೆ ಇದು ಸಣ್ಣ ಅನುಕೂಲವಲ್ಲ.

ಸಾಧನಕೇರಿ:

ಉಣಕಲ್ ಅವರು ಹೇಳಿದ್ದೆಲ್ಲ ಸರಿಯಾಗಿದೆ. ಆದರೆ ಬೆಟಗೇರಿ ಅವರು ಕೊಟ್ಟ ಪಟ್ಟಿಯಲ್ಲಿ ಮೊದಲನೆಯದೇ ಕನ್ನಡದ ಹೆಸರುಗಳು. ಮೂರು ಲೈಬ್ರರಿಗಳಲ್ಲಿ ಯಾವುದನ್ನು ಹಿಡಿಯಬೇಕು ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮ್ಯಾಪ್‌ಲಿಬ್ರೆ ಅಕ್ಷರಗಳನ್ನು ಬ್ರೌಸರಿನ ಕೈಯಲ್ಲಿ ಬರೆಸುವುದಿಲ್ಲ. ಫಾಂಟಿನ ಪ್ರತಿಯೊಂದು ಅಕ್ಷರರೂಪವನ್ನು ಮೊದಲೇ ಚಿತ್ರವಾಗಿಸಿ, 256 ಯೂನಿಕೋಡ್ ಸಂಕೇತಗಳಿಗೆ ಒಂದರಂತೆ ಫೈಲುಗಳನ್ನು ಮಾಡಿಟ್ಟುಕೊಂಡು, ಹೆಸರಿನಲ್ಲಿರುವ ಸಂಕೇತಗಳಿಗೆ ತಕ್ಕ ಚಿತ್ರಗಳನ್ನು ತಂದು ಸಾಲಾಗಿ ಜೋಡಿಸುತ್ತದೆ. ಕನ್ನಡದ ಸಂಕೇತಗಳು ತೆಲುಗಿನ ಜೊತೆಗೆ 3072ರಿಂದ 3327ರವರೆಗಿನ ಫೈಲಿನಲ್ಲಿ ಬರುತ್ತವೆ. ಇಂಗ್ಲಿಷಿಗೆ ಈ ಏರ್ಪಾಡು ಸಾಕು. ನಮಗೆ ಸಾಲುವುದಿಲ್ಲ, ಏಕೆಂದರೆ ಒತ್ತಕ್ಷರಗಳಿಗೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತವಿಲ್ಲ, ಆದ್ದರಿಂದ ಆ ಫೈಲಿನಲ್ಲಿ ಅವುಗಳಿಗೆ ಜಾಗವೂ ಇಲ್ಲ. "ಲಕ್ಕುಂಡಿ" ಎಂಬ ಹೆಸರನ್ನೇ ನೋಡಿ: ನಾವು ಓದುವಾಗ ಅದು ಮೂರು ಅಕ್ಷರ, ಕಂಪ್ಯೂಟರಿನೊಳಗೆ ಎಂಟು ಸಂಕೇತ. ಫಾಂಟಿನೊಳಗಿನ ನಿಯಮಗಳ ಪ್ರಕಾರ ಆ ಎಂಟನ್ನು ಕೂಡಿಸಿ ಕ ಕಾರದ ಕೆಳಗೆ ಒತ್ತು ಇಡುವ ಕೆಲಸವನ್ನು ಯಾರಾದರೂ ಮಾಡಬೇಕು. ಯಾರೂ ಮಾಡದಿದ್ದರೆ ಲ, ಕ, ಹಲಂತದ ಚಿಹ್ನೆ, ಮತ್ತೊಂದು ಕ, ಪಕ್ಕಕ್ಕೆ ಸರಿದ ಉಕಾರದ ಕೊಂಬು, ಹೀಗೆ ಬಿಡಿಬಿಡಿಯಾಗಿ ಹರಡಿಕೊಳ್ಳುತ್ತವೆ. ಚೀನೀ, ಜಪಾನೀ, ಕೊರಿಯನ್ ಲಿಪಿಗಳಿಗೆ ಬ್ರೌಸರಿನ ಫಾಂಟನ್ನೇ ಬಳಸುವ ಒಳದಾರಿಯೊಂದನ್ನು ಅದರಲ್ಲಿ ಇಟ್ಟಿದ್ದಾರೆ, ಅರಬ್ಬಿ ಮತ್ತು ಹೀಬ್ರೂಗೆ ಪ್ರತ್ಯೇಕ ಪ್ಲಗಿನ್ ಇದೆ. ಭಾರತದ ಲಿಪಿಗಳ ಬಗ್ಗೆ ವರ್ಷಗಳಿಂದ ಚರ್ಚೆ ಮತ್ತು ಪ್ರಯೋಗಗಳು ನಡೆದಿವೆ. ಆದ್ದರಿಂದ ನೀವು ಇಳಿಸಿಕೊಳ್ಳುವ ಆವೃತ್ತಿಯಲ್ಲಿ "ಲಕ್ಕುಂಡಿ" ಮತ್ತು "ಲಕ್ಷ್ಮೇಶ್ವರ" ಎಂಬ ಎರಡು ಹೆಸರುಗಳನ್ನು ಹಾಕಿ ಕಣ್ಣಾರೆ ನೋಡಿಯೇ ನಿರ್ಧರಿಸಿ. ಒತ್ತಿನ ಕೆಳಗೆ ಒತ್ತು ಬರುವ "ಕ್ಷ್ಮೇ" ಸರಿಯಾಗಿ ಕಂಡರೆ ಗದಗ ಜಿಲ್ಲೆಯ ಉಳಿದ ಹೆಸರುಗಳ ಚಿಂತೆ ಬಿಡಬಹುದು.

ಲೀಫ್‌ಲೆಟ್‌ನಲ್ಲಿ ಈ ಸಮಸ್ಯೆ ಹುಟ್ಟುವುದೇ ಇಲ್ಲ. ಅದರ ಟೂಲ್‌ಟಿಪ್ (ಗುರುತಿನ ಪಕ್ಕದ ಹೆಸರಿನ ಚೀಟಿ) ಮತ್ತು ಪಾಪ್‌ಅಪ್‌ಗಳು ಸಾಮಾನ್ಯ ಎಚ್‌ಟಿಎಂಎಲ್ ಆಗಿರುವುದರಿಂದ, ವೆಬ್ ಪುಟದ ಕನ್ನಡವನ್ನು ಬ್ರೌಸರ್ ಹೇಗೆ ಬರೆಯುತ್ತದೆಯೋ ಹಾಗೆಯೇ ಅವುಗಳನ್ನೂ ಬರೆಯುತ್ತದೆ. ನೋಟೋ ಸಾನ್ಸ್ ಕನ್ನಡ ಅಥವಾ ನಿಮಗೆ ಇಷ್ಟವಾದ ಮುಕ್ತ ಫಾಂಟನ್ನು ಸಿಎಸ್ಎಸ್‌ನಲ್ಲಿ ಒಂದು ಸಾಲು ಬರೆದು ಹಚ್ಚಬಹುದು. ಓಪನ್‌ಲೇಯರ್ಸ್ ಕೂಡ ಕ್ಯಾನ್ವಾಸಿನ ಮೇಲೆ ಬ್ರೌಸರಿನಿಂದಲೇ ಅಕ್ಷರ ಬರೆಸುವುದರಿಂದ ಬಿಂದುಗಳ ಹೆಸರು ಅಲ್ಲಿಯೂ ಸರಿಯಾಗಿಯೇ ಬರುತ್ತದೆ. ಮ್ಯಾಪ್‌ಲಿಬ್ರೆಯಲ್ಲಿಯೂ ಎಚ್‌ಟಿಎಂಎಲ್ ಮಾರ್ಕರ್‌ಗಳನ್ನು ಹಾಕಿ ಕನ್ನಡ ತೋರಿಸಬಹುದು. ಹಾಗೆ ಮಾಡಿದರೆ ಹೆಸರುಗಳು ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳುವ, ಉಣಕಲ್ ಅವರು ಮೆಚ್ಚಿದ ಗುಣ ಆ ಮಾರ್ಕರ್‌ಗಳಿಗೆ ಅನ್ವಯಿಸುವುದಿಲ್ಲ. ಇನ್ನೂರು ಕೆಬಿಗಿಂತ ಹೆಚ್ಚಿನ ಲೈಬ್ರರಿಯನ್ನು ಹೊತ್ತು ತಂದು, ಅದರ ಮುಖ್ಯ ಲಾಭವನ್ನೇ ಬಿಟ್ಟುಕೊಟ್ಟಂತೆ ಆಗುತ್ತದೆ. ಲೀಫ್‌ಲೆಟ್‌ನ ಜಾವಾಸ್ಕ್ರಿಪ್ಟ್ ಸಂಕುಚಿತ ರೂಪದಲ್ಲಿ ಸುಮಾರು 42 ಕೆಬಿ ಮಾತ್ರ. ಫೋನಿನ ಗ್ರಾಫಿಕ್ಸ್ ಚಿಪ್ ಬಳಸಿ ಚಿತ್ರ ಬಿಡಿಸುವ ವೆಬ್‌ಜಿಎಲ್ ಕೂಡ ಅದಕ್ಕೆ ಬೇಕಿಲ್ಲ, ಹಳೆಯ ಫೋನುಗಳ ಮಟ್ಟಿಗೆ ಇದು ಗಮನಿಸಬೇಕಾದ ಸಂಗತಿ.

ಒಂದು ಮಾತು ಸೇರಿಸಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸಾಮಾನ್ಯ ಟೈಲ್‌ಗಳನ್ನು ಹಿನ್ನೆಲೆಗೆ ಹಾಕಿದರೆ ನಮ್ಮ ಭಾಗದ ಊರುಗಳ ಹೆಸರು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಬರುತ್ತದೆ, ಏಕೆಂದರೆ ಆ ಟೈಲ್‌ಗಳು ಮುಖ್ಯ ಹೆಸರಿನ ಟ್ಯಾಗನ್ನು ಓದುತ್ತವೆಯೇ ಹೊರತು ಕನ್ನಡದ ಟ್ಯಾಗನ್ನಲ್ಲ. ಹಿನ್ನೆಲೆಯಲ್ಲಿ ಹೆಸರುಗಳಿಲ್ಲದೆ ರಸ್ತೆ, ನೀರು, ಕಟ್ಟಡಗಳಷ್ಟೇ ಇರಲಿ. ಊರಿನ, ಓಣಿಯ, ಬಾವಿಯ ಹೆಸರುಗಳು ನಿಮ್ಮದೇ ಜಿಯೋಜೇಸನ್‌ನಿಂದ ಬರಲಿ.

ವರದೆ:

ಹಾವೇರಿಯಿಂದ ಬರೆಯುತ್ತಿದ್ದೇನೆ. ಲೀಫ್‌ಲೆಟ್ ಆಗಲಿ ಎಂಬ ಸಾಧನಕೇರಿ ಅವರ ಮಾತನ್ನು ಅನುಮೋದಿಸುತ್ತೇನೆ. ಆದರೆ ಬೆಟಗೇರಿ ಅವರ ವಿದ್ಯಾರ್ಥಿಗಳು ಮಾಡಿಟ್ಟಿರುವ ಮಾದರಿಯನ್ನು ಹಾಗೆಯೇ ಮುಂದುವರಿಸಬೇಡಿ.

ಲೀಫ್‌ಲೆಟ್‌ನ ಲೈಸನ್ಸ್ ಎರಡು ಷರತ್ತುಗಳ ಬಿಎಸ್‌ಡಿ. ಅದರಲ್ಲಿ ಯಾವ ತಕರಾರೂ ಇಲ್ಲ. ರಿಯಾಕ್ಟ್ ಕೂಡ 2017ರ ಸೆಪ್ಟೆಂಬರ್‌ನಲ್ಲಿ 16ನೇ ಆವೃತ್ತಿಯ ಜೊತೆಗೆ ಎಂಐಟಿ ಲೈಸನ್ಸಿಗೆ ಬಂದಿದೆ. ಅದಕ್ಕೆ ಮೊದಲು ಅದರ ಪೇಟೆಂಟ್ ಷರತ್ತಿನಿಂದಾಗಿ ಅಪಾಚೆ ಫೌಂಡೇಶನ್ ತನ್ನ ಯೋಜನೆಗಳಲ್ಲಿ ಅದನ್ನು ಬಳಸುವುದನ್ನು ನಿಷೇಧಿಸಿತ್ತು. ಆದರೆ ಇವೆರಡರ ನಡುವೆ ಸೇತುವೆಯಾಗಿರುವ ರಿಯಾಕ್ಟ್-ಲೀಫ್‌ಲೆಟ್ ಬಳಸುವುದು ಹಿಪೊಕ್ರೆಟಿಕ್ ಲೈಸನ್ಸ್. ಮಾನವ ಹಕ್ಕುಗಳಿಗೆ ಧಕ್ಕೆ ತರುವ ಬಳಕೆಯನ್ನು ಅದು ತಡೆಯುತ್ತದೆ. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಬಳಕೆಯ ಮೇಲೆ ನಿರ್ಬಂಧ ಹೇರುವುದರಿಂದ ಓಪನ್ ಸೋರ್ಸ್ ಇನಿಶಿಯೇಟಿವ್ ಒಪ್ಪಿದ ಲೈಸನ್ಸುಗಳ ಪಟ್ಟಿಯಲ್ಲಿ ಅದಿಲ್ಲ. ನಾಳೆ ಯಾವುದಾದರೂ ಸಂಸ್ಥೆಯೋ ಇಲಾಖೆಯೋ ನಿಮ್ಮ ಕೋಡನ್ನು ತೆಗೆದುಕೊಂಡು ಬೇರೆ ತಾಲೂಕಿಗೆ ವಿಸ್ತರಿಸಲು ಮುಂದೆ ಬಂದಾಗ, ಇದು ನಿಜಕ್ಕೂ ಓಪನ್ ಸೋರ್ಸೇ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಹೌದು ಎನ್ನಲು ಸಾಧ್ಯವಾಗಬೇಕು. ಲೈಬ್ರರಿಗಳನ್ನು ಆರಿಸುವಾಗ ಹೆಚ್ಚಿನವರು ಗಿಟ್‌ಹಬ್‌ನ ನಕ್ಷತ್ರಗಳನ್ನು ಎಣಿಸುತ್ತಾರೆ, ಲೈಸನ್ಸ್ ಫೈಲನ್ನು ತೆರೆದು ನೋಡುವವರು ಕಡಿಮೆ.

ಅದಿರಲಿ, ನಿಮಗೆ ರಿಯಾಕ್ಟ್ ಬೇಕೇ ಎಂಬುದನ್ನೂ ಯೋಚಿಸಿ. ಒಂದು ನಕ್ಷೆ, ಒಂದು ಹುಡುಕುವ ಪೆಟ್ಟಿಗೆ, ಗುರುತನ್ನು ಮುಟ್ಟಿದರೆ ತೆರೆದುಕೊಳ್ಳುವ ವಿವರ, ಇಷ್ಟಕ್ಕೆ ಬರಿಯ ಜಾವಾಸ್ಕ್ರಿಪ್ಟ್ ಸಾಕು. ಬಿಲ್ಡ್ ಮಾಡುವ ಹಂತವೇ ಇಲ್ಲದಿದ್ದರೆ, ಮೂರು ವರ್ಷಗಳ ನಂತರ ಬರುವ ವಿದ್ಯಾರ್ಥಿಯು ಹಳೆಯ ಎನ್‌ಪಿಎಂ ಪ್ಯಾಕೇಜುಗಳ ಜಗಳ ಬಿಡಿಸುತ್ತ ಕೂಡಬೇಕಾಗಿಲ್ಲ. ಎಚ್‌ಟಿಎಂಎಲ್ ಫೈಲನ್ನು ತೆರೆದು ತಿದ್ದಿದರೆ ಆಯಿತು. ಲೀಫ್‌ಲೆಟ್ ಫೈಲನ್ನು ಹೊರಗಿನ ಸಿಡಿಎನ್‌ನಿಂದ (ಫೈಲು ಹಂಚುವ ಸರ್ವರ್ ಜಾಲದಿಂದ) ತರಿಸದೆ ನಿಮ್ಮ ರಿಪಾಸಿಟರಿಯಲ್ಲಿಯೇ ಇಟ್ಟುಕೊಳ್ಳಿ. 2024ರಲ್ಲಿ ಪಾಲಿಫಿಲ್ ಡಾಟ್ ಐಒ ಎಂಬ ತಾಣವು ಕೈ ಬದಲಾಗಿ, ಅದನ್ನು ನೆಚ್ಚಿಕೊಂಡಿದ್ದ ಅಸಂಖ್ಯ ಪುಟಗಳಿಗೆ ದುರುದ್ದೇಶದ ಕೋಡನ್ನು ಹಂಚಿದ ಪ್ರಕರಣವನ್ನು ನೆನಪಿಸಿಕೊಂಡರೆ ಈ ಮಾತು ಅತಿಯಾದ ಎಚ್ಚರಿಕೆ ಎನಿಸುವುದಿಲ್ಲ.

ಲೀಫ್‌ಲೆಟ್ ಹಳೆಯದಾಯಿತು ಎಂಬ ಆಕ್ಷೇಪಕ್ಕೆ ನನ್ನ ಉತ್ತರವಿಷ್ಟೇ: ಉಕ್ರೇನಿನ ವೊಲೊಡಿಮಿರ್ ಅಗಾಫೊನ್ಕಿನ್ ಅದನ್ನು 2011ರಲ್ಲಿ ಬಿಡುಗಡೆ ಮಾಡಿದರು, 1.9.4 ಆವೃತ್ತಿ 2023ರಲ್ಲಿ ಬಂದಿತು, 2025ರಲ್ಲಿ 2.0ರ ಆಲ್ಫಾ ಹೊರಬಿದ್ದಿದೆ. ಆಲ್ಫಾದ ಗೊಡವೆಗೆ ಹೋಗದೆ 1.9.4ನ್ನು ಹಿಡಿಯಿರಿ. ಏಕೆಂದರೆ 2.0 ತನ್ನ ಕೋಡಿನ ರೀತಿಯನ್ನೇ ಬದಲಾಯಿಸಿಕೊಂಡಿರುವುದರಿಂದ ಹಳೆಯ ಪ್ಲಗಿನ್‌ಗಳು ಅದರೊಡನೆ ಹಾಗೆಯೇ ಹೊಂದಿಕೊಳ್ಳುವುದಿಲ್ಲ. ಪ್ಲಗಿನ್‌ಗಳ ವಿಷಯದಲ್ಲಿಯೂ ಕೈ ಬಿಗಿಯಿರಲಿ. ಗುರುತುಗಳನ್ನು ಗುಂಪಾಗಿಸುವ ಮಾರ್ಕರ್‌ಕ್ಲಸ್ಟರ್ ಒಂದು ನಿಮಗೆ ಬೇಕಾಗಬಹುದು, ಉಳಿದವುಗಳಲ್ಲಿ ಬಹಳಷ್ಟನ್ನು ಬರೆದವರೇ ಬಿಟ್ಟುಹೋಗಿದ್ದಾರೆ.

ಬೆಟಗೇರಿ:

ಮೂವರಿಗೂ ಧನ್ಯವಾದಗಳು. ಸಾಧನಕೇರಿ ಅವರು ಹೇಳಿದ ಎರಡು ಹೆಸರುಗಳನ್ನು ನಮ್ಮ ಬಳಿಯಿದ್ದ ಮ್ಯಾಪ್‌ಲಿಬ್ರೆ ಮಾದರಿಯಲ್ಲಿ ಹಾಕಿ ನೋಡಿದೆವು. "ಲಕ್ಕುಂಡಿ" ಅವರು ವರ್ಣಿಸಿದಂತೆಯೇ ಬಿಡಿಬಿಡಿಯಾಗಿ ಕಂಡಿತು. "ಲಕ್ಷ್ಮೇಶ್ವರ"ದಲ್ಲಿ ಮೂರು ಹಲಂತಗಳು ಬಿಡಿಯಾಗಿ ನಿಂತು ಓದಲಿಕ್ಕೇ ಬರದಂತಾಯಿತು. ಪಟ್ಟು ಹಿಡಿದಿದ್ದ ಸದಸ್ಯರೂ ಅದನ್ನು ನೋಡಿದ ಮೇಲೆ ಲೀಫ್‌ಲೆಟ್‌ಗೆ ಒಪ್ಪಿದ್ದಾರೆ. ಲೈಸನ್ಸಿನ ಸಂಗತಿ ನಮಗೆ ಹೊಸದು. ರಿಯಾಕ್ಟ್ ತೆಗೆದು ಬರೆಯಲು ವಿದ್ಯಾರ್ಥಿಗಳು ಸಿದ್ಧರಿದ್ದಾರೆ.

ಎರಡು ಪ್ರಶ್ನೆ ಉಳಿದಿವೆ. ನಮಗೆ ದೊರೆತ ಹಳೆಯ ಸರ್ವೇಕ್ಷಣೆಯೊಂದರ ಅಂಕಿಗಳು ಅಕ್ಷಾಂಶ-ರೇಖಾಂಶದಲ್ಲಿಲ್ಲ, ಭೂಮಿಯನ್ನು ವಲಯಗಳಾಗಿ ವಿಂಗಡಿಸುವ ಯುಟಿಎಂ ಪದ್ಧತಿಯ 43ನೇ ವಲಯದ ಮೀಟರ್‌ಗಳಲ್ಲಿವೆ. ಬೇರೆ ಬೇರೆ ಪ್ರೊಜೆಕ್ಷನ್‌ಗಳನ್ನು (ಗೋಳವನ್ನು ಚಪ್ಪಟೆ ನಕ್ಷೆಯಾಗಿಸುವ ರೀತಿಗಳನ್ನು) ಓಪನ್‌ಲೇಯರ್ಸ್ ಚೆನ್ನಾಗಿ ನಿಭಾಯಿಸುತ್ತದೆ ಎಂದು ಕೇಳಿದ್ದೇವೆ. ಈ ಕಾರಣಕ್ಕೆ ಅದನ್ನು ಪರಿಗಣಿಸಬೇಕೇ? ಇನ್ನೊಂದು, ನೆಟ್‌ವರ್ಕ್ ಇಲ್ಲದಾಗ ಹಿನ್ನೆಲೆಯ ನಕ್ಷೆಯನ್ನು ಎಲ್ಲಿಂದ ತರುವುದು?

ಸಾಧನಕೇರಿ:

ಓಪನ್‌ಲೇಯರ್ಸ್ ಸಮರ್ಥ ಲೈಬ್ರರಿ, 2006ರಿಂದ ಬಂದಿರುವಂಥದ್ದು. ನಕ್ಷೆಯನ್ನು ಬ್ರೌಸರಿನಲ್ಲಿ ಪ್ರತಿ ಸಲ ಬೇರೆ ಪ್ರೊಜೆಕ್ಷನ್‌ಗೆ ತಿರುಗಿಸಬೇಕಾದ ಇಲಾಖೆಗಳ ಕೆಲಸಕ್ಕೆ ಅದು ತಕ್ಕದ್ದು. ನಿಮ್ಮದು ಕೆಲವು ನೂರು ಬಿಂದುಗಳು. ನಕ್ಷೆಯ ಮಾಹಿತಿಯನ್ನು ಪರಿವರ್ತಿಸುವ ಜಿಡಿಎಎಲ್‌ನ ಒಜಿಆರ್‌ಟುಒಜಿಆರ್ ಉಪಕರಣಕ್ಕೆ ಮೂಲ ಇಪಿಎಸ್‌ಜಿ 32643 (ಯುಟಿಎಂ 43), ಗುರಿ 4326 (ಅಕ್ಷಾಂಶ-ರೇಖಾಂಶ) ಎಂದು ಕೊಟ್ಟರೆ ಒಂದೇ ಸಲಕ್ಕೆ ಪರಿವರ್ತನೆ ಮುಗಿಯುತ್ತದೆ. ಅಷ್ಟಕ್ಕಾಗಿ ಲೈಬ್ರರಿ ಬದಲಾಯಿಸಬೇಕಾಗಿಲ್ಲ. ಆದರೆ ಆ ಅಂಕಿಗಳು ಯಾವ ಡೇಟಮ್‌ನಲ್ಲಿವೆ (ಅಳತೆಗೆ ಆಧಾರವಾದ ಭೂಮಿಯ ಮಾದರಿ ಯಾವುದು) ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಹಳೆಯ ಭಾರತೀಯ ಸರ್ವೇ ಹಾಳೆಗಳು ಎವರೆಸ್ಟ್ ಡೇಟಮ್ ಬಳಸುತ್ತಿದ್ದವು, ಅದನ್ನು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂದುಕೊಂಡು ಪರಿವರ್ತಿಸಿದರೆ ಬಾವಿ ಪಕ್ಕದ ಓಣಿಗೆ ಸರಿದುಬಿಡುತ್ತದೆ.

ಪರಿವರ್ತನೆಯ ನಂತರ ಇನ್ನೊಂದು ಕಡೆ ಕಣ್ಣಿಡಬೇಕು. ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಲೀಫ್‌ಲೆಟ್‌ನಲ್ಲಿ ನೇರವಾಗಿ ಮಾರ್ಕರ್ ಹಾಕುವಾಗ ಅಕ್ಷಾಂಶ ಮೊದಲು. ಲಕ್ಕುಂಡಿಯ 15.39, 75.72 ಅದಲುಬದಲಾದರೆ ಅತ್ತಿಮಬ್ಬೆಯ ಜಿನಾಲಯ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣಕ್ಕೆ, ಆರ್ಕ್ಟಿಕ್ ವಲಯದ ಕಡಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಎಲ್ಲ ಬಿಂದುಗಳನ್ನೂ ಜಿಯೋಜೇಸನ್ ಪದರದ ಮೂಲಕವೇ ತಂದರೆ ಈ ಗೊಂದಲ ಬಾರದು.

ಹಿನ್ನೆಲೆಯ ವಿಷಯಕ್ಕೆ ಬಂದರೆ, ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸರ್ವರ್‌ನಿಂದ ಟೈಲ್‌ಗಳನ್ನು ಮುಂಚಿತವಾಗಿ ಇಳಿಸಿಟ್ಟುಕೊಳ್ಳುವುದನ್ನು ಅವರ ಬಳಕೆಯ ನೀತಿ ಒಪ್ಪುವುದಿಲ್ಲ. ಅದು ದೇಣಿಗೆಯ ಹಣದಿಂದ ನಡೆಯುವ ವ್ಯವಸ್ಥೆ. ಪ್ರೊಟೊಮ್ಯಾಪ್ಸ್‌ನ ಪಿಎಂಟೈಲ್ಸ್ ಬಳಸಿ. ಜಗತ್ತಿನ ಇಡೀ ನಕ್ಷೆಯನ್ನು ಒಂದೇ ಫೈಲಿನಲ್ಲಿಟ್ಟು, ಬೇಕಾದ ತುಣುಕನ್ನಷ್ಟೇ ಓದುವ ಏರ್ಪಾಡು ಅದು. ನಿಮ್ಮ ತಾಲೂಕಿನ ಚೌಕವನ್ನು ಮಾತ್ರ ಕತ್ತರಿಸಿಕೊಳ್ಳುವ ಆದೇಶ ಅದರ ಉಪಕರಣದಲ್ಲಿದೆ, ಸಿಗುವ ಫೈಲು ರಿಪಾಸಿಟರಿಯಲ್ಲಿ ಇಡುವಷ್ಟು ಚಿಕ್ಕದಾಗಿರುತ್ತದೆ. ಅದನ್ನು ಲೀಫ್‌ಲೆಟ್‌ನಲ್ಲಿ ಕ್ಯಾನ್ವಾಸ್ ಮೇಲೆ ಬಿಡಿಸುವ ಪ್ರೊಟೊಮ್ಯಾಪ್ಸ್-ಲೀಫ್‌ಲೆಟ್ ಎಂಬ ಪ್ಲಗಿನ್ ಕೂಡ ಇದೆ. ನೆಟ್‌ವರ್ಕ್ ಇಲ್ಲದಾಗ ಪುಟವನ್ನು ನಡೆಸುವ ಸರ್ವಿಸ್ ವರ್ಕರ್ ಎಂಬ ಕೋಡ್ ಬರೆಯುವಾಗ ನೆನಪಿರಲಿ: ಫೈಲಿನ ತುಣುಕುಗಳು 206 (ಭಾಗಶಃ ಮಾಹಿತಿ) ಎಂಬ ಸ್ಥಿತಿಯೊಡನೆ ಬರುತ್ತವೆ, ಅಂಥವನ್ನು ಬ್ರೌಸರಿನ ಕ್ಯಾಶ್ ಸಂಗ್ರಹಿಸುವುದಿಲ್ಲ. ಆದ್ದರಿಂದ ಮೊದಲ ಸಲ ಪುಟ ತೆರೆದಾಗಲೇ ಇಡೀ ಫೈಲನ್ನು ಒಮ್ಮೆಗೆ ಇಳಿಸಿಕೊಂಡು, ನಂತರ ಆ ಸ್ಥಳೀಯ ಪ್ರತಿಯಿಂದ ಓದಿಸಿ. ನಕ್ಷೆಯ ಮೂಲೆಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರ ಹೆಸರನ್ನು ಹಾಕುವುದು ಮಾಹಿತಿಯ ಲೈಸನ್ಸಿನ ಷರತ್ತು, ಅದನ್ನು ತೆಗೆಯಬೇಡಿ.

ಉಣಕಲ್:

ಕನ್ನಡದ ಅಕ್ಷರಗಳ ಮಟ್ಟಿಗೆ ಸಾಧನಕೇರಿ ಅವರ ವಾದವನ್ನು ಒಪ್ಪುತ್ತೇನೆ. ನಮ್ಮ ಕಚೇರಿಯ ನಕ್ಷೆಗಳೆಲ್ಲ ಇಂಗ್ಲಿಷಿನವು, ಆ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಆದರೂ ಲೀಫ್‌ಲೆಟ್‌ನಲ್ಲಿ ಹೆಸರುಗಳ ಮೇಲೆ ಹೆಸರು ಬೀಳುವುದನ್ನು ತಡೆಯುವ ವ್ಯವಸ್ಥೆ ತಾನಾಗಿ ಇಲ್ಲ ಎಂಬ ನನ್ನ ಆಕ್ಷೇಪ ಹಾಗೆಯೇ ನಿಲ್ಲುತ್ತದೆ. ಕೆಲವು ನೂರು ಟೂಲ್‌ಟಿಪ್‌ಗಳನ್ನು ಸದಾ ತೆರೆದಿಟ್ಟರೆ ನಕ್ಷೆ ತುಂಬಿ ಗಿಜಿಗುಡುತ್ತದೆ, ಫೋನೂ ನಿಧಾನವಾಗುತ್ತದೆ. ಇದಕ್ಕೊಂದು ಸರಳ ದಾರಿಯೆಂದರೆ ಪ್ರತಿ ಬಿಂದುವಿನ ಗುಣಲಕ್ಷಣಗಳಲ್ಲಿ ಕನಿಷ್ಠ ಜೂಮ್ ಎಂಬ ಒಂದು ಅಂಕಿಯನ್ನು ನೀವೇ ಕೊಡುವುದು. ಬ್ರಹ್ಮ ಜಿನಾಲಯ, ಕಾಶಿವಿಶ್ವೇಶ್ವರದ ಹೆಸರುಗಳು 14ಕ್ಕೇ ಕಾಣಲಿ, ಹಿತ್ತಲಿನ ಬಾವಿಗಳ ಹೆಸರು 17 ದಾಟಿದ ಮೇಲೆ ಬರಲಿ. ಜೂಮ್ ಮುಗಿದಾಗಲೆಲ್ಲ, ಪರದೆಯೊಳಗೆ ಇರುವ ಬಿಂದುಗಳಿಗೆ ಮಾತ್ರ ಟೂಲ್‌ಟಿಪ್ ಹಚ್ಚಿ ಉಳಿದವನ್ನು ತೆಗೆದುಹಾಕಿ. ಮಾರ್ಕರ್‌ಕ್ಲಸ್ಟರ್‌ನಲ್ಲಿಯೂ ಇಂತಿಷ್ಟು ಜೂಮ್ ಆದ ಮೇಲೆ ಗುಂಪು ಮಾಡಬಾರದು ಎಂಬ ಆಯ್ಕೆಯಿದೆ, ಅದಕ್ಕೂ 17ನ್ನೇ ಕೊಡಿ.

ಇನ್ನು, ಲೀಫ್‌ಲೆಟ್‌ನ ಆದೇಶಗಳನ್ನು ಕೋಡಿನ ತುಂಬ ಹರಡದೆ ಒಂದೇ ಫೈಲಿನಲ್ಲಿ ಕೂಡಿಸಿಡಿ. ಹುಡುಕಾಟ, ವಿವರದ ಪುಟ, ಮಾಹಿತಿ ಓದುವ ಭಾಗಗಳಿಗೆ ನಕ್ಷೆ ಯಾವ ಲೈಬ್ರರಿಯದ್ದು ಎಂಬುದು ತಿಳಿಯುವ ಅಗತ್ಯವಿಲ್ಲ. "ಲಕ್ಷ್ಮೇಶ್ವರ" ಸರಿಯಾಗಿ ಕಾಣುವ ಮ್ಯಾಪ್‌ಲಿಬ್ರೆ ಆವೃತ್ತಿ ಬಂದ ದಿನ, ಹಾಗೂ ಆ ಹೊತ್ತಿಗೆ ನಿಮ್ಮ ಬಿಂದುಗಳು ಸಾವಿರಗಳಿಗೆ ಬೆಳೆದಿದ್ದರೆ, ಆ ಒಂದು ಫೈಲನ್ನು ಬದಲಾಯಿಸುವ ವಿಚಾರವನ್ನು ಆಗ ಮಾಡಬಹುದು.

ಬೆಟಗೇರಿ:

ಹಾಗೆಯೇ ಮಾಡುತ್ತೇವೆ ಸರ್. ಲೀಫ್‌ಲೆಟ್ 1.9.4, ಮಾರ್ಕರ್‌ಕ್ಲಸ್ಟರ್ ಮತ್ತು ತಾಲೂಕಿನ ಪಿಎಂಟೈಲ್ಸ್ ಫೈಲು, ಮೂರನ್ನೂ ರಿಪಾಸಿಟರಿಯಲ್ಲಿ ಇಡುತ್ತೇವೆ. ಕನಿಷ್ಠ ಜೂಮ್ ಅಂಕಿಯನ್ನು ಯಾವ ಬಾವಿಗೆ ಎಷ್ಟು ಕೊಡಬೇಕು ಎಂಬುದನ್ನು ಊರಿನ ಹಿರಿಯರನ್ನು ಕೇಳಿಕೊಂಡು ತುಂಬುತ್ತೇವೆ. ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬುದರಲ್ಲಿ ಅವರವರಲ್ಲಿಯೇ ಒಮ್ಮತವಿಲ್ಲ ಎಂಬುದು ಈಗಾಗಲೇ ಗೊತ್ತಾಗಿದೆ.

ವರದೆ:

ಒಮ್ಮತ ಬಾರದಿದ್ದಲ್ಲಿ ಎಲ್ಲದಕ್ಕೂ 16 ಕೊಟ್ಟು ಮೊದಲ ಆವೃತ್ತಿಯನ್ನು ಬಿಡುಗಡೆ ಮಾಡಿಬಿಡಿ. ಜಿಯೋಜೇಸನ್ ಫೈಲಿನಲ್ಲಿ ಆ ಅಂಕಿಯನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದು, ಅದಕ್ಕೆ ಕೋಡ್ ಮುಟ್ಟಬೇಕಾಗಿಲ್ಲ.